ಸೂರ್ಯೋದಯಕ್ಕೆ ಕ್ಯೂ

ಆಗಸ್ಟ್ 15 ಶುಕ್ರವಾರವೋ ಸೋಮವಾರವೋ ಬಿದ್ದರೆ ಬೆಂಗಳೂರಿಗೆ ಮೂರು ದಿನ ಸ್ವಾತಂತ್ರ್ಯ. ಟ್ರಾಫಿಕ್ ಸಾಕಪ್ಪಾ ಅಂತ ಊರು ಬಿಡುವವರೆಲ್ಲ ಒಂದೇ ಹೊತ್ತಿಗೆ ಒಂದೇ ಬೆಟ್ಟಕ್ಕೆ ಹೊರಡುತ್ತಾರೆ. ಟ್ರಾಫಿಕ್ಕು ಪಾಪ ಒಂಟಿಯಾಗಿ ಊರಲ್ಲಿದ್ದು ಏನು ಮಾಡೀತು, ಅದೂ ಜೊತೆಗೇ ಬರುತ್ತದೆ.

ನಂದಿ ಬೆಟ್ಟದ ಲೆಕ್ಕ ನೋಡಿ. ದೂರ ಸುಮಾರು 60 ಕಿ.ಮೀ., ಎತ್ತರ 1,478 ಮೀಟರ್. ಸೂರ್ಯ ಹುಟ್ಟುವುದು ಆರು ದಾಟಿ ಕೆಲವೇ ನಿಮಿಷಕ್ಕೆ. ನಾಲ್ಕಕ್ಕೆ ಹೊರಟರೆ ಆಯ್ತು ಎನ್ನುತ್ತದೆ ಗ್ಯಾಂಗು. ಮುಂದಿನ ಕಾರಿನ ಗ್ಯಾಂಗೂ ಹಾಗೇ ಅಂದಿರುತ್ತದೆ, ಹಿಂದಿನದೂ. ಒಬ್ಬ ಮಾತ್ರ ಹಾಸಿಗೆಯಿಂದಲೇ ‘ಗೇಟ್ ಹತ್ರ ಇದೀನಿ, ಐದೇ ನಿಮಿಷ ಮಗಾ’ ಎಂದಿರುತ್ತಾನೆ. ಹೆಬ್ಬಾಳ ದಾಟಿ, ಟೋಲ್ ದಾಟಿ, ದೇವನಹಳ್ಳಿ ಬಳಿ ಎಡಕ್ಕೆ ತಿರುಗುವಷ್ಟರಲ್ಲಿ ಸಾಲು ಸಿಗುತ್ತದೆ. ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋದರೆ ಮುಂದಿನ ಕಾರಿನ ಬಂಪರ್.

ಬೆಟ್ಟದ ತಿರುವುಗಳಲ್ಲಿ ಹೊಸಬರು ಬ್ರೇಕ್ ಬಿಟ್ಟು, ಪೆಡಲ್ ಅರ್ಧ ಒತ್ತಿದ ಹಾಫ್ ಕ್ಲಚ್‌ನಲ್ಲೇ ಕಾರನ್ನು ಹಿಡಿದು ನಿಲ್ಲಿಸುತ್ತಾರೆ. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಕ್ಲಚ್ ಪ್ಲೇಟ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ, ಉಜ್ಜಿ ಉಜ್ಜಿ ಕಾಯುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ‘ಯಾರದ್ದೋ ಕ್ಲಚ್ ಹೋಯ್ತು’ ಎಂದು ನಗುವ ಕಾರಿನದೇ ಹೋಗಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿಟ್ಟು, ಮುಂದೆ ಎರಡು ಕಾರಿನಷ್ಟು ಜಾಗ ಬಿಟ್ಟಮೇಲೆ ಒಂದೇ ಸಲ ಫಸ್ಟ್ ಗೇರಲ್ಲಿ ಏರಿದರೆ ಪ್ಲೇಟ್ ಉಳಿಯುತ್ತದೆ. ಆದರೆ ಅಷ್ಟು ಜಾಗ ಬಿಟ್ಟರೆ ಹಿಂದಿನಿಂದ ಹಾರನ್ನು, ಪಕ್ಕದಿಂದ ಎರಡು ಬುಲೆಟ್ಟು. ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಮಹನೀಯರದು ಬೇರೆಯೇ ದೇಶಸೇವೆ: ಎಂಜಿನ್ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಕೊನೆಯ ತಿರುವಿನಲ್ಲಿ ಕೈಕೊಡುತ್ತದೆ.

ಕೊನೆಗೂ ಮೇಲೆ ತಲುಪಿದರೆ ಬಿಳಿ ಗೋಡೆ. ಮುಂಗಾರಿನ ಒದ್ದೆ ಗಾಳಿ ಬೆಟ್ಟಕ್ಕೆ ಬಡಿದು, ಮೇಲೇರಿ, ತಣಿದು ಮೋಡವಾಗುವ ಕಾಲವದು. ಟಿಪ್ಪು ಡ್ರಾಪ್ ಎಂಬ ಪ್ರಪಾತದಂಚಿ‌ನಲ್ಲಿ ನಿಂತವರಿಗೆ ಪಕ್ಕದವರ ಸೆಲ್ಫಿ ಸ್ಟಿಕ್ ಬಿಟ್ಟರೆ ಏನೂ ಕಾಣದು. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಗುಡಿಯಿದೆ, ಸಾವಿರಕ್ಕೂ ಹೆಚ್ಚು ವರ್ಷದ ಹಳೆಯದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ, ಮೋಡಕ್ಕೂ ಬಿಸಿಲಿಗೂ ಹಾಗೇ ಚೆಂದ. ಅತ್ತ ತಿರುಗಿಯೂ ನೋಡದೆ ಗ್ಯಾಂಗು ರೀಲ್ಸ್ ನೋಡುತ್ತಿರುತ್ತದೆ.

ಇನ್ನು ‘ಲೋಕಲ್ ಫುಡ್’. ಬೆಟ್ಟದ ಮೇಲೆ ಕಪ್ ನೂಡಲ್ಸು, ಕೆಳಗೆ ಗೋಬಿ ಮಂಚೂರಿ. ಹಠ ಹಿಡಿದು ಹುಡುಕಿದರೆ ‘ಅಪ್ಪಟ ಹಳ್ಳಿ ಊಟ’ ಎಂಬ ಬೋರ್ಡು. ಮುದ್ದೆಗೆ ಬೇಕಾದದ್ದು ಹೆಚ್ಚೇನಿಲ್ಲ. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ಎಸರು ಕುದಿ ಬಂದಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲು ಮುಟ್ಟಿಸದೆ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಅವಸರಕ್ಕೆ ಕೈಯಾಡಿಸಿದರೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ಚೆನ್ನಾಗಿ ಬೆಂದ ಮೇಲೆ ತೊಳಸಿ, ಕೈ ಒದ್ದೆ ಮಾಡಿಕೊಂಡು ಕಟ್ಟಿ, ಬಿಸಿಯಿರುವಾಗಲೇ ಬಸ್ಸಾರಿಗೆ ಅದ್ದಿ ನುಂಗುವುದು. ಲಾಂಗ್ ವೀಕೆಂಡಿನಲ್ಲಿ ಇದು ಸಾಧ್ಯವೇ? ಬೆಳಗಿನ ಜಾವವೇ ಕಟ್ಟಿ ಹಾಟ್‌ಬಾಕ್ಸಿಗೆ ತುಂಬಿರುತ್ತಾರೆ. ಒಂದು ಗಂಟೆಗೆ ಎಲೆಗೆ ಬೀಳುವಾಗ ಹೊರಗೆ ಚಕ್ಕೆಗಟ್ಟಿ, ಒಳಗೆ ಅಂಟು ಹಲ್ಲು ಹಿಡಿಯುತ್ತದೆ. ಗ್ಯಾಂಗು ಅದನ್ನು ಚಮಚದಲ್ಲಿ ಕೊರೆದು, ಅಗಿದು, ‘ಆಥೆಂಟಿಕ್’ ಎಂದು ಐದು ಸ್ಟಾರ್ ಕೊಡುತ್ತದೆ. ಹಿಟ್ಟಂ ತಿಂದಂ ಬೆಟ್ಟಮಂ ಕಿತ್ತಿಟ್ಟಂ ಅನ್ನೋ ಗಾದೆ ಇವರಿಗೆ ಸಲ್ಲದು. ಈ ಹಿಟ್ಟು ತಿಂದವರಿಗೆ ಬೆಲ್ಟ್ ಬಿಚ್ಚಿಟ್ಟರೆ ಸಾಕು.

ಸ್ಟೇಟಸ್ಸಿಗೆ ಸೂರ್ಯೋದಯ ಬೇಕೇ ಬೇಕಲ್ಲ. ಜನವರಿಯ ಫೋಟೋ ಗ್ಯಾಲರಿಯಲ್ಲಿ ಇದ್ದೇ ಇರುತ್ತದೆ. ಸ್ವೆಟರು, ಮಂಕಿ ಟೋಪಿ ಕಾಣದ ಹಾಗೆ ಕ್ರಾಪ್ ಮಾಡಿ ಒಂದು ತ್ರಿವರ್ಣ ಅಂಟಿಸಿ. ಹೆಬ್ಬಾಳದ ಜಾಮಿನಲ್ಲಿ ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ.