ಮಂಗನಿಗೆ ನೀತಿ ಸಂಹಿತೆ ಇಲ್ಲ ಸ್ವಾಮಿ

ಎಲೆಕ್ಷನ್ ಡೇಟ್ ಅನೌನ್ಸ್ ಆಯ್ತು ಅಂತ ಮಲ್ನಾಡಲ್ಲಿ ಟೀವಿ ನೋಡಿ ತಿಳ್ಕೋಬೇಕಾಗಿಲ್ಲ, ಬೀಟ್ ಪೊಲೀಸ್ ಫೋನ್ ಬರುತ್ತೆ. 2024ರ ಮಾರ್ಚ್ 16, ಶನಿವಾರ ಮಧ್ಯಾಹ್ನ ದಿಲ್ಲೀಲಿ ಆಯೋಗದೋರು ಲೋಕಸಭೆ ಎಲೆಕ್ಷನ್‌ದು ಅಂತ ಪ್ರೆಸ್‌ಮೀಟ್ ಮಾಡಿದ್ರು, ಭಾನುವಾರ ಬೆಳಗ್ಗೆ ನಾನಿನ್ನೂ ಎರಡನೇ ದೋಸೆ ಮುರೀತಿದ್ದೆ, ಫೋನು. "ಗೌಡ್ರೇ, ಎಲೆಕ್ಷನ್ ಮುಗಿಯೋ ತನಕ ಕೋವಿ ಸ್ಟೇಷನ್‌ಗೆ ತಂದು ಇಟ್ಬಿಡಿ, ಮೇಲಿಂದ ಪ್ರೆಷರ್ ಇದೆ." ನಮ್ಮೂರಿಗೆ ರಸ್ತೆ ಬರೋಕೆ ಇಪ್ಪತ್ತು ವರ್ಷ ಆಯ್ತು, ಟವರ್ ಬಂದ್ರೂ ಸಿಗ್ನಲ್ ಬರ್ಲಿಲ್ಲ, ಆದ್ರೆ ಈ ಒಂದು ವಿಷಯದಲ್ಲಿ ಸರ್ಕಾರದ ಸ್ಪೀಡ್ ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ ಮಾರಾಯ್ರೇ.

ಮೊದ್ಲು ಆ ಮಾರಕಾಸ್ತ್ರದ ಪರಿಚಯ ಮಾಡ್ಕೊಡ್ತೀನಿ. ನಮ್ಮಪ್ಪನ ಕಾಲದ್ದು, ಒಂಟಿನಳಿಗೆ ತೋಟಾ ಕೋವಿ. ಹಿಡಿ ಬಿರುಕು ಬಿಟ್ಟಿದೆ, ಅದಕ್ಕೆ ತಾಮ್ರದ ತಂತಿ ಸುತ್ತಿದೆ, ಆ ತಂತಿ ಹಳೇ ಪಂಪ್‌ಸೆಟ್ ಮೋಟ್ರಿಂದು. ಒಂದು ಈಡು ಹೊಡೆದ್ರೆ ಖಾಲಿ ತೋಟಾ ತಾನಾಗೇ ಹೊರಗೆ ಬರಲ್ಲ, ನಳಿಗೆ ಬಾಯಿಂದ ಕಡ್ಡಿ ಹಾಕಿ ತಳ್ಳಿ ತೆಗೀಬೇಕು. ಮಳೆಗಾಲದಲ್ಲಿ ಹೊಡೆಯೋದು ಅದರ ಇಷ್ಟ. ಇದನ್ನ ಹಿಡ್ಕೊಂಡು ನಾನು ಬೂತ್ ಕ್ಯಾಪ್ಚರ್ ಮಾಡ್ಬೇಕು ಅಂದ್ರೆ ಒಂದು ಈಡಿಗೂ ಇನ್ನೊಂದು ಈಡಿಗೂ ನಡುವೆ ಬೂತ್‌ನೋರೆಲ್ಲ ಐದು ನಿಮಿಷ ಅಲ್ಲಾಡದೆ ಕೂತಿರ್ಬೇಕು, ಜೊತೆಗೆ ಯಾರಾದ್ರೂ ಒಬ್ರು ಕಡ್ಡಿ ಹುಡುಕಿ ಕೊಡ್ಬೇಕು. ಪ್ರಜಾಪ್ರಭುತ್ವಕ್ಕೆ ಗಂಡಾಂತರ ಇರೋದು ಇದರಿಂದ ಅಂತೆ.

ಹೆಂಡ್ತಿ ಕೋವಿನ ಹಳೇ ಲುಂಗೀಲಿ ಸುತ್ತಿ ಕೊಟ್ಟಳು, ಥೇಟ್ ಬಾಣಂತಿ ಮನೆಯಿಂದ ಮಗು ಕಳಿಸ್ದಂಗೆ. ಸ್ಟೇಷನ್‌ಗೆ ಹೋದ್ರೆ ಆಗ್ಲೇ ಕ್ಯೂ. ಒಬ್ಬೊಬ್ಬರನ್ನೇ ನೋಡಿದೆ, ಇಡೀ ತಾಲ್ಲೂಕಿನ ಸಶಸ್ತ್ರ ಪಡೆ ಅಲ್ಲೇ ನಿಂತಿತ್ತು, ಅರ್ಧ ಜನಕ್ಕೆ ಮಂಡಿ ನೋವು, ಉಳಿದರ್ಧಕ್ಕೆ ಶುಗರ್. ಒಬ್ರು ಅಜ್ಜ ಕೋವಿನ ಊರುಗೋಲು ಮಾಡ್ಕೊಂಡೇ ಬಂದಿದ್ರು. "ಇದನ್ನ ಕೊಟ್ಟು ವಾಪಸ್ ಹ್ಯಾಂಗೆ ನಡ್ಕೊಂಡ್ ಹೋಗ್ಲಿ?" ಅಂತ ರೈಟರ್ ಹತ್ರ ಕೇಳಿದ್ರೆ ಅವ್ರು ಪಾಪ ಕುರ್ಚಿ ಕೊಟ್ರು. ರಿಜಿಸ್ಟರಲ್ಲಿ ನಂಬರ್ ಬರೆದು, ಹಳೇ ಮದುವೆ ಕಾಗದ ಕತ್ತರಿಸಿದ ರಟ್ಟಿನ ಚೀಟಿಗೆ ದಾರ ಪೋಣಿಸಿ ನಳಿಗೆಗೆ ಕಟ್ಟಿದ್ರು. ನನ್ನ ಕೋವಿ ಚೀಟಿಯ ಹಿಂಭಾಗದಲ್ಲಿ "ತಮ್ಮ ಆಗಮನಾಭಿಲಾಷಿಗಳು" ಅಂತ ಬೆಳ್ಳಿ ಅಕ್ಷರದಲ್ಲಿ ಇತ್ತು. ಆಮೇಲೆ ತಗೊಂಡೋಗಿ ಮೂಲೇಲಿ ಸೌದೆ ಒಟ್ಟಿದಂಗೆ ಒಟ್ಟಿದ್ರು.

ಹಾಗಂತ ಪೊಲೀಸರನ್ನ ಬೈಯೋಕೆ ಮನಸ್ಸಿಲ್ಲ. ನೂರಾರು ಕೋವಿ ಕಾಯೋದು ಅವ್ರಿಗೂ ತಲೆನೋವೇ. ಬೈಬೇಕಾದ್ದು ಬುದ್ಧಿ ಉಪಯೋಗ್ಸೋಕೆ ಸಂಕಟ ಪಡೋ ವ್ಯವಸ್ಥೆನ. ಆಯೋಗದ ಸೂಚನೆ ಓದಿ ನೋಡಿ, ಅದ್ರಲ್ಲಿ ಎಲ್ಲರ ಕೋವಿನೂ ಎತ್ತಿಕೊಂಡು ಬನ್ನಿ ಅಂತ ಇಲ್ಲ. ಜಿಲ್ಲಾಧಿಕಾರಿ, ಎಸ್ಪಿ ಎಲ್ಲ ಇರೋ ಸ್ಕ್ರೀನಿಂಗ್ ಕಮಿಟಿ ಕೂತು, ಬೇಲ್ ಮೇಲೆ ಹೊರಗಿರೋರು, ಕ್ರಿಮಿನಲ್ ಹಿನ್ನೆಲೆ ಇರೋರು, ಹಿಂದೆ ಗಲಾಟೆ ಮಾಡಿರೋರು ಯಾರು ಅಂತ ಪಟ್ಟಿ ನೋಡಿ ಅಂಥವರಿಂದ ಇಸ್ಕೋಬೇಕು ಅಂತಿದೆ. ಆದ್ರೆ ಒಬ್ಬೊಬ್ಬರ ಜಾತಕ ನೋಡ್ತಾ ಕೂರೋದು ಯಾರು, ಅದಕ್ಕೆ ನಮ್ಮಲ್ಲಿ ಸುಲಭದ ದಾರಿ, ಎಲ್ಲರೂ ಕಳ್ಳರೇ ಅಂತ ಶುರು ಮಾಡೋದು. ನನ್ನ ಕ್ರಿಮಿನಲ್ ಹಿನ್ನೆಲೆ ಅಂದ್ರೆ ಒಂದ್ಸಲ ಸೊಸೈಟಿ ಸಾಲದ ಕಂತು ಎರಡು ತಿಂಗಳು ಲೇಟಾಗಿದ್ದು ಅಷ್ಟೇ. ವಿನಾಯ್ತಿಗೆ ಅರ್ಜಿ ಹಾಕಬಹುದು ಅಂದ್ರು, ಹಾಕಿದೆ, ಪಹಣಿ ಲಗತ್ತಿಸಿದೆ, ಕಾರಣ ಅನ್ನೋ ಜಾಗದಲ್ಲಿ "ಮಂಗ" ಅಂತ ಬರೆದೆ. ಮಂಗನ ಕಾಟ ಇರೋದು ನಿಜವೇ ಅಂತ ಪರಿಶೀಲಿಸೋಕೆ ಸಾಹೇಬ್ರು ಬರ್ತಾರೆ ಅಂದ್ರು. ಬಂದ್ರು, ಎಣಿಕೆ ಮುಗಿದ ಮೇಲೆ.

ಇಲ್ಲೊಂದು ವಿಷಯ ಪೇಟೆಯೋರಿಗೆ ಗೊತ್ತಿರಲ್ಲ. ಈ ಕೋವಿ ಕೈಯಲ್ಲಿ ಇದ್ರೂ ನಾವು ಮಂಗಂಗೆ ಹೊಡೆಯಂಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಹೊಡೆದ್ರೆ ಫಾರೆಸ್ಟ್‌ನೋರು ಬಂದು ಕೋವಿ, ನಾನು, ಮಂಗ ಮೂರೂ ಜೀಪಲ್ಲಿ ಹಾಕ್ಕೊಂಡು ಹೋಗ್ತಾರೆ, ಅದ್ರಲ್ಲಿ ಮಂಗಂಗೆ ಮಾತ್ರ ಮರ್ಯಾದೆ. ಕೋವಿ ಇರೋದು ಬರೀ ಸದ್ದಿಗೆ. ಆಕಾಶಕ್ಕೆ ಒಂದು ಈಡು, ಮಂಗಗಳು ಪಕ್ಕದ ಮನೆ ತೋಟಕ್ಕೆ, ಅವ್ರು ಅಲ್ಲಿಂದೊಂದು ಈಡು, ವಾಪಸ್ ನಮ್ಮ ತೋಟಕ್ಕೆ. ಶಟಲ್ ಕಾಕ್ ಆಟ ಇದು, ಎರಡು ತಲೆಮಾರಿಂದ ನಡೀತಿದೆ. ಅಂದ್ರೆ ಸರ್ಕಾರ ಜಪ್ತಿ ಮಾಡ್ತಿರೋದು ಒಂದು ಸದ್ದನ್ನ. ಅದೇ ಟೈಮಲ್ಲಿ ಕ್ಯಾಂಡಿಡೇಟ್‌ಗಳ ಮೈಕು ಬೆಳಗ್ಗೆ 6ರಿಂದ ರಾತ್ರಿ 10ರ ತನಕ ಅರಚಬಹುದು, ಅದಕ್ಕೆ ಪರ್ಮಿಷನ್ ಉಂಟು. ಮೊದಲ ದಿನ ಪ್ರಚಾರದ ಆಟೋ ಬಂದಾಗ ಮಂಗಗಳು ಓಡಿದ್ದು ನಿಜ. ಎರಡನೇ ದಿನ ಭರವಸೆ ಕೇಳಿಸ್ಕೊಂಡ್ವು. ಮೂರನೇ ದಿನ ಎಳನೀರು ಕುಡೀತಾ ಕೂತ್ವು.

ಸರ್ಕಾರ ಏನೂ ಮಾಡ್ಲಿಲ್ಲ ಅಂತ ಹೇಳಂಗಿಲ್ಲ ಬಿಡಿ, ಮಂಗಗಳಿಗೇ ಒಂದು ಪಾರ್ಕ್ ಮಾಡ್ತೀವಿ ಅಂತ ಹೊಸನಗರದ ಕಡೆ ಜಾಗ ನೋಡಿದ್ರು. ಮಂಗಗಳೂ ಕಾಯ್ತಾ ಇವೆ. ತೀರ್ಥಹಳ್ಳಿ ಕಡೆ ರೈತರೊಬ್ರು 2019ರಲ್ಲಿ ಸಾಕಿದ ನಾಯಿಗೆ ಹುಲಿ ಪಟ್ಟೆ ಬಣ್ಣ ಬಳಿದು ತೋಟದಲ್ಲಿ ಬಿಟ್ಟಿದ್ರು, ಪೇಪರು ಟೀವಿ ಎಲ್ಲ ಕಡೆ ಫೋಟೋ ಬಂತು, ಎಲ್ಲರೂ ನಕ್ರು. ನಗಬೇಡಿ, ಇಡೀ ರಾಜ್ಯದಲ್ಲಿ ಮಂಗನ ಸಮಸ್ಯೆಗೆ ನೀತಿ ಸಂಹಿತೆ ಅಡ್ಡ ಬರದ ಏಕೈಕ ಯೋಜನೆ ಅದು. ಎಲೆಕ್ಷನ್ ಬಂತು ಅಂತ ನಾಯಿ ಡಿಪಾಸಿಟ್ ಮಾಡಿ ಅಂತ ಯಾರೂ ಕೇಳಲ್ಲ.

ಈ ವಿಷಯ ಮನೇಲಿ ಎತ್ತಿದ್ರೆ ನಾಕು ಜನಕ್ಕೆ ನಾಕು ಅಭಿಪ್ರಾಯ. ಬೆಂಗಳೂರಿನ ಭಾವ ಆತ್ಮರಕ್ಷಣೆ ಪಾರ್ಟಿ. "ಪ್ರತಿ ಮನೇಲೂ ಒಂದು ಗನ್ ಇರ್ಬೇಕು ಕಣಯ್ಯ, ಪೊಲೀಸ್ ಬರೋಷ್ಟರಲ್ಲಿ ಕಥೆ ಮುಗಿದಿರುತ್ತೆ" ಅಂತಾನೆ. ಅವನ ಹತ್ರ ಸರ್ಕಾರಿ ಫ್ಯಾಕ್ಟರಿಯ .32 ರಿವಾಲ್ವರ್ ಇದೆ. ಅದು ಇರೋದು ಹನ್ನೊಂದನೇ ಫ್ಲೋರಿನ ಫ್ಲ್ಯಾಟಲ್ಲಿ, ಗಾಡ್ರೇಜ್ ಬೀರುವಿನ ಒಳಗಿನ ಲಾಕರಲ್ಲಿ, ಬೀರು ಕೀ ಅಕ್ಕನ ಗೊಂಚಲಲ್ಲಿ, ಗುಂಡು ಇರೋದು ದೇವರ ಮನೆ ಮೇಲಿನ ಅಟ್ಟದಲ್ಲಿ, ಯಾಕಂದ್ರೆ ಮಕ್ಕಳಿರೋ ಮನೆ. ಹಂಗಾಗಿ ಕಳ್ಳ ಬಂದ್ರೆ ಮೊದ್ಲು ಅವನನ್ನ ಸೋಫಾ ಮೇಲೆ ಕೂರಿಸಿ, ಅಕ್ಕನ್ನ ಎಬ್ಬಿಸಿ, ಏಣಿ ತರಿಸಬೇಕು. ಅಷ್ಟಾದ ಮೇಲೂ ಕಾನೂನು ಇದೆ, ಮೊದ್ಲು ಐಪಿಸಿ ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಪುಸ್ತಕ ಬದಲಾದ್ರೂ ಮಾತು ಅದೇ, ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಪೆಟ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಅದು ಸರಿಯಾದ ಕಾನೂನೇ, ನಂದೇನೂ ತಕರಾರಿಲ್ಲ. ಆದ್ರೆ ಭಾವ ಏಣಿ ಮೇಲಿಂದ ಅಳತೆ ಹಾಕ್ತಾ ನಿಂತಿರೋ ದೃಶ್ಯ ನೆನೆಸ್ಕೊಂಡ್ರೆ ನಂಗೆ ರಾತ್ರಿ ನಗು ಬರುತ್ತೆ. ಅವನು ಆ ಗನ್ನು ಇಷ್ಟು ವರ್ಷದಲ್ಲಿ ಉಪಯೋಗಿಸಿದ್ದು ಒಂದೇ ಕಡೆ, ಬೀಗರ ಮನೇಲಿ ಮಾತಿನ ಮಧ್ಯೆ.

ತಂಗಿ ಮಗಳು ಅದಕ್ಕೆ ಪೂರಾ ಉಲ್ಟಾ. "ಮಾವ, ಕೋವಿ ಅನ್ನೋದೇ ಮನೇಲಿ ಇರಬಾರದು, ಇದ್ರೆ ಒಂದಲ್ಲ ಒಂದು ದಿನ ಮನೆಯೋರಿಗೇ ಬೀಳುತ್ತೆ." ಅವಳ ಮಾತು ತಳ್ಳಿಹಾಕಂಗಿಲ್ಲ. ರಾತ್ರಿ ಶಿಕಾರಿಗೆ ಹೋದೋರು ಪೊದೆ ಅಲ್ಲಾಡಿದ್ದಕ್ಕೆ ಹಂದಿ ಅಂತ ಜೊತೆಗಾರಂಗೇ ಹೊಡೆದ ಸುದ್ದಿ ನಮ್ಮ ಕಡೆ ಪೇಪರಲ್ಲಿ ಆಗಾಗ ಬರುತ್ತೆ, ಅದ್ರಲ್ಲಿ ನಗೋದಕ್ಕೆ ಏನೂ ಇಲ್ಲ. ಆದ್ರೆ ಹಂಗೆ ಹೊಡೆಯೋ ಕೋವಿ ಎಷ್ಟೋ ಸಲ ಲೈಸೆನ್ಸೇ ಇಲ್ಲದ ನಾಡಕೋವಿ, ಅದು ಯಾವ ರಿಜಿಸ್ಟರಲ್ಲೂ ಇಲ್ಲ, ಅದಕ್ಕೆ ಬೀಟ್ ಪೊಲೀಸ್ ಫೋನೂ ಬರಲ್ಲ. ಎಲೆಕ್ಷನ್ ಟೈಮಲ್ಲಿ ನಾವು ರಸೀದಿ ಹಿಡ್ಕೊಂಡು ಕ್ಯೂ ನಿಂತಿದ್ರೆ ಅವ್ರು ಆರಾಮಾಗಿ ಕಾಡಲ್ಲಿರ್ತಾರೆ. ಲೈಸೆನ್ಸ್ ಮಾಡ್ಸೋದು ಅಂದ್ರೆ ಪೊಲೀಸ್ ವರದಿ, ಡಿಸಿ ಆಫೀಸು, ಐದು ವರ್ಷಕ್ಕೊಂದ್ಸಲ ರಿನೀವಲ್ಲು, ಇಷ್ಟೆಲ್ಲ ಮಾಡ್ಸಿದ್ರ ಒಟ್ಟು ಲಾಭ ಏನಪ್ಪಾ ಅಂದ್ರೆ ಇಸ್ಕೊಳ್ಳೋಕೆ ನಮ್ಮ ಅಡ್ರೆಸ್ ಸರ್ಕಾರಕ್ಕೆ ಗೊತ್ತಿರುತ್ತೆ.

ಇನ್ನು ಅಕ್ಕನ ಮಗ ಇರೋದು ಟೆಕ್ಸಾಸ್‌ನ ಡಲ್ಲಾಸಲ್ಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಗನ್ ತಗೊಂಡ. ಅಲ್ಲಿ 2021ರ ಸೆಪ್ಟೆಂಬರಿಂದ 21 ವರ್ಷ ಆದೋರು ಪರ್ಮಿಟ್ ಇಲ್ಲದೇನೇ ಕೈಗನ್ನು ಸೊಂಟಕ್ಕೆ ಸಿಗಿಸ್ಕೊಂಡು ಓಡಾಡಬಹುದಂತೆ. ನಾನು ಹಂದಿ ಕಾಟ ಹೇಳ್ಕೊಂಡೆ, ಅವನು ಬಿದ್ದು ಬಿದ್ದು ನಕ್ಕ. "ಮಾವ, ಇಲ್ಲೂ ಹಂದಿ ಕಾಟನೇ, ಜನ ಹೆಲಿಕಾಪ್ಟರಲ್ಲಿ ಕೂತು ಹೊಡೀತಾರೆ, ಅದಕ್ಕೆ ದುಡ್ಡು ಕೊಟ್ಟು ಟಿಕೆಟ್ ತಗೊಳ್ತಾರೆ." ನಾನು ನಂಬ್ಲಿಲ್ಲ, ವೀಡಿಯೋ ಕಳಿಸ್ದ. ನಿಜವೇ, 2011ರಿಂದ ಅದಕ್ಕೆ ಕಾನೂನೇ ಇದೆ. ವೀಡಿಯೋ ನೋಡಿ ನಮ್ಮ ತೋಟದ ಆಳು ಒಂದೇ ಪ್ರಶ್ನೆ ಕೇಳ್ದ, "ಅಲ್ಲಿ ಎಲೆಕ್ಷನ್ ಬಂದ್ರೆ ಹೆಲಿಕಾಪ್ಟರ್ ಸ್ಟೇಷನ್‌ಗೆ ಇಡ್ತಾರಾ ಅಯ್ಯಾ?"

ಆದ್ರೆ ಅದೇ ಫೋನಲ್ಲಿ ಅವನ ಮಗಳು ಬಂದ್ಲು, ಎರಡನೇ ಕ್ಲಾಸು. ಇವತ್ತು ಸ್ಕೂಲಲ್ಲಿ ಏನು ಕಲಿತೆ ಪುಟ್ಟಿ ಅಂದೆ. ಲೈಟ್ ಆಫ್ ಮಾಡಿ, ಬಾಗಿಲಿಂದ ದೂರ, ಗೋಡೆ ಮೂಲೇಲಿ ಸದ್ದಿಲ್ಲದೆ ಕೂತಿರೋದು ಹ್ಯಾಗೆ ಅಂತ ಪ್ರಾಕ್ಟೀಸ್ ಮಾಡಿದ್ವಿ ಅಜ್ಜ ಅಂದ್ಲು, ನಮ್ಮ ಮಕ್ಕಳು ಮಗ್ಗಿ ಒಪ್ಪಿಸ್ದಂಗೆ. 2022ರ ಮೇನಲ್ಲಿ ಅದೇ ಟೆಕ್ಸಾಸ್‌ನ ಯುವಾಲ್ಡೆ ಅನ್ನೋ ಊರಿನ ಶಾಲೇಲಿ ಗನ್ ಹಿಡಿದು ನುಗ್ಗಿದ ಒಬ್ಬನ ಗುಂಡಿಗೆ 19 ಮಕ್ಕಳು, ಇಬ್ರು ಟೀಚರ್‌ಗಳು ಹೋದ್ರು. ಹೆಲಿಕಾಪ್ಟರ್ ಬೇಡಪ್ಪ ನಮಗೆ. ನಂಗೆ ಗಾಡ್ರೇಜ್ ಬೀರುವಿನ ರಿವಾಲ್ವರೂ ಬೇಡ. ನಮ್ಮ ತಂತಿ ಸುತ್ತಿದ ಕೋವಿ ಒಂದು ವಾಪಸ್ ಬಂದ್ರೆ ಸಾಕು.

ಹೊಟ್ಟೆಕಿಚ್ಚು ಅಂತ ಆಗೋದು ಕೊಡಗಿನ ದೋಸ್ತ್ ಒಬ್ಬನ ಮೇಲೆ ಮಾತ್ರ. 1861ರಿಂದ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯ್ತಿ, ಬ್ರಿಟಿಷರು ಕೊಟ್ಟಿದ್ದು, 2019ರಲ್ಲಿ ಕೇಂದ್ರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸ್ತು, 2021ರಲ್ಲಿ ಹೈಕೋರ್ಟೂ ಸರಿ ಅಂತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವ್ರು ಕೋವಿಗೆ ತೋಕ್ ಪೂ ಅನ್ನೋ ಹೂವು ಮುಡಿಸಿ ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿ ಇಡ್ತಾರೆ. ನಮ್ಮನೇಲಿ ಕೋವಿಗೆ ಆಯುಧಪೂಜೆ ದಿನ ಒಂದು ಕುಂಕುಮದ ಬೊಟ್ಟು, ಆಮೇಲೆ ಅದು ಎಲೆಕ್ಷನ್ ಬರೋವರೆಗೆ ಬಾಗಿಲ ಹಿಂದೆ.

ಎಲ್ಲಿಗೆ ಬಂದ್ವಿ? ಹಾಂ, ವೋಟು. ನಮ್ಮಲ್ಲಿ ವೋಟಿಂಗ್ ಮೇ 7ಕ್ಕೆ. ಅದಕ್ಕೂ ವಾರ ಮುಂಚೆ ಲೀಡ್ರು ಮನೆಗೇ ಬಂದ್ರು, ಹಿಂದೆ ಸಫಾರಿ ಹಾಕಿದ ಗನ್‌ಮ್ಯಾನ್. ಲೀಡ್ರು ಜಗುಲಿ ಮೇಲೆ ಕೂತು ಮಜ್ಜಿಗೆ ಕುಡೀತಾ "ನಿಮ್ಮಂಥ ಜನನೇ ನಮಗೆ ರಕ್ಷಣೆ ಗೌಡ್ರೇ" ಅಂದ್ರು. ಗನ್‌ಮ್ಯಾನ್ ಅಂಗಳದಲ್ಲಿ ನಿಂತು ನಮ್ಮನ್ನೇ ಗುರಾಯಿಸ್ತಿದ್ದ. ಅವನ ಸೊಂಟದಲ್ಲಿ ಇದ್ದಿದ್ದು ಮಾತ್ರ ಹೊಸದು, ತಂತಿಗಿಂತಿ ಏನೂ ಸುತ್ತಿರಲಿಲ್ಲ. ಅಷ್ಟೊತ್ತಿಗೆ ತೋಟದಲ್ಲಿ ಧಡ್ ಅಂತ ಎಳನೀರು ಬಿತ್ತು, ಆ ಮನುಷ್ಯ ಕೈ ಸೊಂಟಕ್ಕೆ ಹಾಕ್ದ. ನಾನು "ಹೊಡೀರಿ ಸಾರ್, ಆಕಾಶಕ್ಕೆ ಒಂದೇ ಒಂದು" ಅಂತ ಆಸೆಯಿಂದ ಕೇಳ್ದೆ. ಹೊಡೀಲಿಲ್ಲ.

ವೋಟ್ ಹಾಕಿ ಬಂದೆ, ಇನ್ನೇನು ಕೋವಿ ಬರುತ್ತೆ ಅಂತ ಸ್ಟೇಷನ್‌ಗೆ ಹೋದ್ರೆ ಇಲ್ಲ. ಯಾಕೆ? ಹಿಮಾಚಲದೋರು, ಪಂಜಾಬಿನೋರು ಜೂನ್ 1ಕ್ಕೆ ವೋಟ್ ಹಾಕ್ಬೇಕು, ಜೂನ್ 4ಕ್ಕೆ ಎಣಿಕೆ ಆಗ್ಬೇಕು. ಅಂದ್ರೆ ನನ್ನ ಕೋವಿ ಇಲ್ಲಿಂದ ಸಿಡಿದ್ರೆ ಶಿಮ್ಲಾದಲ್ಲಿ ಮತದಾರರು ಹೆದರ್ತಾರೆ ಅಂತ ಲೆಕ್ಕ. ಘೋಷಣೆಯಿಂದ ಎಣಿಕೆವರೆಗೆ ಒಟ್ಟು 80 ದಿನ. ಹಿಂದಿನ ವರ್ಷ ಅಸೆಂಬ್ಲೀದೂ ಹಿಂಗೇ, ಮಾರ್ಚ್ 29ರಿಂದ ಮೇ 13. ಬೆರಳಿನ ಶಾಯಿ ಉಗುರಿನ ತುದಿಗೆ ಬಂದು ಕತ್ತರಿಸಿ ಎಸೆದ್ರೂ ಕೋವಿ ಬಿಡುಗಡೆ ಆಗ್ಲಿಲ್ಲ, ಅಷ್ಟೊತ್ತಿಗೆ ಎರಡು ಸಾಲು ಬಾಳೆ ಮುಗಿದಿತ್ತು, ಅಡಿಕೆ ಎಳೆಕಾಯಿ ಬುಡದಲ್ಲಿ ಚಾಪೆ ಹಾಸ್ದಂಗೆ ಬಿದ್ದಿತ್ತು. ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆನೇ ಮಾಡ್ಲಿಲ್ಲ ಅಂತ ಪೇಪರಲ್ಲಿ ಎಲ್ಲರೂ ಬೈದು ಬರೀತಾರೆ, ಪ್ರಜಾಪ್ರಭುತ್ವದ ಕಗ್ಗೊಲೆ ಅಂತಾರೆ. ನಾನೂ ಹೊರಗಡೆ ಹೌದು ಹೌದು ಅಂತೀನಿ. ಒಳಗೊಳಗೆ ಮಾತ್ರ, ಇನ್ನೊಂದು ಬಾಳೆ ಫಸಲು ಆಗ್ಲಿ ಸ್ವಾಮಿ ಆಮೇಲೆ ಮಾಡಿ ಅಂತ ದೇವ್ರಿಗೆ ಹರಕೆ.

ಕೊನೆಗೂ ಜೂನಲ್ಲಿ ಕರೆದ್ರು. ಮಳೆ ಶುರುವಾಗಿತ್ತು. ಮದುವೆ ಕಾಗದದ ಚೀಟಿ ಒದ್ದೆಯಾಗಿ ನಂಬರ್ ಅಳಿಸಿ ಹೋಗಿ ಬರೀ "ಆಗಮನಾಭಿಲಾಷಿ" ಉಳಿದಿತ್ತು, ತಂತಿ ನೋಡಿ ಗುರುತು ಹಿಡಿದೆ. "ಚೆಕ್ ಮಾಡ್ಕೊಳ್ಳಿ ಗೌಡ್ರೇ" ಅಂದ್ರು. ನಳಿಗೆ ಬಗ್ಗಿಸಿ ಬೆಳಕಿಗೆ ಹಿಡಿದು ಕಣ್ಣಿಟ್ರೆ ಕತ್ತಲೆ. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿತ್ತು. ಸಹಿ ಹಾಕಿ ಲುಂಗೀಲಿ ಸುತ್ಕೊಂಡು ಮನೆಗೆ ತಂದೆ.

ಜಗುಲಿಯಲ್ಲಿ ಕೂತು ಅಡಿಕೆ ದಬ್ಬೆ ಸೀಳಿ ನಳಿಗೆಗೆ ತೂರಿಸಿ ಗೂಡು ಕೆರೀತಿದ್ದೆ, ಎದುರಿನ ತೆಂಗಿನ ಮರದಲ್ಲಿ ಗಡವ ಮಂಗ ಒಂದು ಮೈ ಕೆರ್ಕೊಳ್ತಾ ನನ್ನನ್ನೇ ನೋಡ್ತಿತ್ತು. ಫೋನ್ ಬಂತು. "ಗೌಡ್ರೇ, ಕೋವಿ ತಗೊಂಡೋದ್ರಾ? ಒಳ್ಳೇದಾಯ್ತು. ಅದೇನೋ ಪಂಚಾಯ್ತಿ ಬೈಎಲೆಕ್ಷನ್ ಅಂತಿದ್ದಾರೆ, ನೋಡೋಣ, ಹೇಳ್ತೀನಿ." ದಬ್ಬೆ ಇನ್ನೂ ನಳಿಗೆ ಒಳಗೇ ಇತ್ತು.