ಚಳಿ ಇಲ್ಲ ಅಂತ ರೇಡಿಯೇಟರ್‌ಗೆ ಬೋರ್ ನೀರೇ ಹಾಕೋದಾ?

ನಾನಿರೋದು ಕೆನಡಾದ ಸಸ್ಕಾಚೆವಾನ್‌ನಲ್ಲಿ, ಊರು ಮಾತ್ರ ಜಗಳೂರು ತಾಲ್ಲೂಕು. ಹೋದ ಬೇಸಿಗೆಗೆ ಬಂದಾಗ ನಮ್ಮಪ್ಪನ ಹಳೇ 35 ಎಚ್‌ಪಿ ಟ್ರಾಕ್ಟರ್ ನಾಕು ಸಾಲು ಹೊಡೆಯೋದ್ರೊಳಗೆ ಕುದೀತಿತ್ತು. ಆರಿದ ಮೇಲೆ ರೇಡಿಯೇಟರ್ (ಇಂಜಿನ್ನಿನ ಬಿಸಿ ನೀರು ತಂಪು ಮಾಡೋ ಭಾಗ) ಕ್ಯಾಪ್ ಬಿಚ್ಚಿ ನೋಡಿದ್ರೆ ಇಟ್ಟಿಗೆ ಪುಡಿ ಕಲಸಿದಂಗೆ ಕೆಂಪು ರಾಡಿ, ಟ್ಯೂಬ್ ಬಾಯಿಗೆಲ್ಲ ಬಚ್ಚಲ ಹಂಡೆ ಒಳಗೆ ಕಟ್ತದಲ್ಲ ಅಂಥ ಬಿಳೀ ಸುಣ್ಣ.

ಇಲ್ಲಿ ಚಳಿಗಾಲದಾಗೆ ಮೈನಸ್ 30 ಆಗುತ್ತೆ, ಬರೀ ನೀರು ಬಿಟ್ರೆ ಹೆಪ್ಪುಗಟ್ಟಿ ಹಿಗ್ಗಿ ಇಂಜಿನ್ ಬ್ಲಾಕೇ ಸೀಳುತ್ತೆ, ಅದಕ್ಕೇ ಎಲ್ಲರೂ ಅರ್ಧ ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸೋ ದ್ರವ) ಅರ್ಧ ಡಿಸ್ಟಿಲ್ಡ್ ವಾಟರ್ ಹಾಕ್ತಾರೆ, ಅದು ಸುಮಾರು ಮೈನಸ್ 37ರ ತನಕ ಗಟ್ಟಿಯಾಗಲ್ಲ. ಅದ್ರಲ್ಲೇ ತುಕ್ಕು ತಡೆಯೋ ಕೆಮಿಕಲ್ಲೂ ಇರುತ್ತೆ. ನಮ್ಮ ಕಡೆ "ಚಳಿ ಎಲ್ಲೈತಿ, ಕೂಲೆಂಟ್ ಯಾಕ್ ಬೇಕು" ಅಂತಾರೆ. ನಾನು ಹೇಳೋದು, ಇಲ್ಲಿಯವರಿಗಿಂತ ನಮಗೇ ಆ ಕೂಲೆಂಟ್, ಶುದ್ಧ ನೀರಿನ ಮಿಶ್ರಣ ಜಾಸ್ತಿ ಬೇಕು, ಯಾಕಂದ್ರೆ ನಮ್ಮ ಬೋರ್ ನೀರು ಅಷ್ಟು ಗಡಸು, ಕಾದಷ್ಟೂ ಅದ್ರಲ್ಲಿ ಕರಗಿರೋ ಸುಣ್ಣ ಬೇರ್ಪಟ್ಟು ಲೋಹಕ್ಕೆ ಹಿಡ್ಕೊಳ್ಳುತ್ತೆ, ಆಮೇಲೆ ಶಾಖ ಹೊರಗೆ ಹೋಗೋಕೆ ದಾರಿನೇ ಇರಲ್ಲ.

ಇದಕ್ಕೂ ಮುಂಚೆ ಒಬ್ಬ ಮೆಕ್ಯಾನಿಕ್ ಟಾಯ್ಲೆಟ್ ತೊಳೆಯೋ ಆಸಿಡ್ ಸುರಿದಿದ್ರಂತೆ, ಮೂರನೇ ದಿನಕ್ಕೆ ವಾಟರ್ ಪಂಪ್ ಹತ್ರ ಸೋರಿಕೆ. ಆ ಆಸಿಡ್ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತೆ ಕಣ್ರಿ, ದಯವಿಟ್ಟು ಹಾಕಿಸ್ಬೇಡಿ. ನಮ್ಮಮ್ಮ ತಾಮ್ರದ ಹಂಡೆಗೆ ಹುಣಸೆಹುಳಿ ತಾನೇ ಹಚ್ಚೋದು? ಅಂಥ ಮೆತ್ತಗಿನ ಹುಳಿ ಸಾಕು. ನಾನು 10 ಲೀಟರ್ ನೀರಿಗೆ ಅರ್ಧ ಕೆಜಿ ಸಿಟ್ರಿಕ್ ಆಸಿಡ್ ಕಲಸಿ ತುಂಬಿ, ಒಂದು ಗಂಟೆ ಇಂಜಿನ್ ಬಿಸಿಯಲ್ಲಿ ಓಡಿಸಿ, ಸ್ವಲ್ಪ ಆರಿದ ಮೇಲೆ ಹೊರಗೆ ಹರಿಬಿಟ್ಟೆ, ರಾತ್ರಿಯೆಲ್ಲ ಒಳಗೆ ಬಿಡಬಾರದು. ರೇಡಿಯೇಟರಿನ ಕೊಳಾಯಿ ಒಂದೇ ಅಲ್ಲ, ಬ್ಲಾಕಿನ ಪಕ್ಕದ ಡ್ರೈನ್ ಬೋಲ್ಟೂ ಬಿಚ್ಚಬೇಕು, ನಮ್ಮದ್ರಲ್ಲಿ ತಂತಿ ಹಾಕಿ ಕೆದಕೋ ತನಕ ಒಂದು ಹನಿ ಬರಲಿಲ್ಲ, ಕೆದಕಿದ ಮೇಲೆ ಬೊಗಸೆ ತುಂಬ ಕೆಸರು. ಆಮೇಲೆ ಅಡುಗೆ ಸೋಡಾ ನೀರಲ್ಲಿ ಒಂದ್ಸಲ, ತಿಳಿಯಾಗೋ ತನಕ ಬರೀ ನೀರಲ್ಲಿ ಮೂರ್ನಾಕು ಸಲ.

ರೇಡಿಯೇಟರ್ ಮಾತ್ರ ಅದಕ್ಕೂ ಬಗ್ಗಲಿಲ್ಲ, ದಾವಣಗೆರೆಗೆ ಒಯ್ದೆ. ಅಂಗಡಿ ಅಣ್ಣ ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ ಒಂದೊಂದು ಟ್ಯೂಬಿಗೂ ಕಂಬಿ ಬಿಟ್ಟು ಕ್ಲೀನ್ ಮಾಡಿ, ವಾಪಸ್ ಬೆಸೆದು, ನೀರಲ್ಲಿ ಮುಳುಗಿಸಿ ಗಾಳಿ ಹೊಡೆದು ಸೋರಿಕೆ ನೋಡಿ ಕೊಟ್ರು. ನಾನಿರೋ ಕಡೆ ಇಂಥ ಕೈ ಕೆಲಸ ಸಿಗೋದೇ ಕಷ್ಟ, ಕಿತ್ತು ಹೊಸದು ಹಾಕ್ತಾರೆ ಅಷ್ಟೇ. ಈ ವಿಷಯದಾಗೆ ನಮ್ಮೂರೇ ಮೇಲು.

ಈಗ ಅಪ್ಪ ಊರಿನ ಶುದ್ಧ ನೀರಿನ ಘಟಕದಲ್ಲಿ ಮನೆಗೆ ಕ್ಯಾನ್ ತುಂಬಿಸೋವಾಗ ಟ್ರಾಕ್ಟರಿಗೂ ಒಂದು ತುಂಬಿಸ್ತಾರೆ, ಕೂಲೆಂಟ್ ಜೊತೆ ಅದೇ ನೀರು. ಇಂಜಿನ್ ಬಿಸಿಯಾಗೋ ತನಕ ನೀರು ರೇಡಿಯೇಟರಿಗೆ ಹೋಗದಂಗೆ ತಡೆಯೋ ಥರ್ಮೋಸ್ಟಾಟ್ ಯಾವಾಗ್ಲೋ ಕಿತ್ತು ಬಿಸಾಕಿದ್ರು, ಅದಿಲ್ದಿದ್ರೆ ಇಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಸುಮ್ನೆ ಹೋಗುತ್ತೆ, ಮುಂದಿನ ಸಲ ಬಂದಾಗ ಹೊಸದು ಹಾಕಿಸಬೇಕು.