ಬಿತ್ತುವವನು ಡ್ರೋನ್‌ನಲ್ಲಿ ಬಂದ

ನಮ್ಮ ಕಾಸರಗೋಡು ಕಡೆಯ ಕ್ರೈಸ್ತ ಸಭೆಗಳಲ್ಲಿ ಈಗ ಪಾಸ್ಟರ ಪ್ರಸಂಗ ಕೇಳುವವರಿಲ್ಲ, ನೋಡುವವರೇ ಎಲ್ಲ. ಪೀಠದ ಪಕ್ಕದಲ್ಲಿ ಎಲ್‌ಇಡಿ ಪರದೆ ಬಂದಿದೆ. ಯಾಕೆ ಅಂತ ಕೇಳಿದರೆ ಕಮಿಟಿಯವರದ್ದು ಒಂದೇ ಮಾತು: ಕಾಲ ಬದಲಾಗಿದೆ, ಮಕ್ಕಳೆಲ್ಲ ರೀಲ್ಸ್ ನೋಡುವವರು, ಬರೀ ಬಾಯಿಮಾತಿಗೆ ಯಾರು ಕೂರುತ್ತಾರೆ? ಸರಿ. ಮಾಡಿನ ಹಂಚು ಒಡೆದು ಹಿಂದಿನ ಬೆಂಚಿಗೆ ನೀರು ಬೀಳುತ್ತದಲ್ಲ ಅಂದರೆ, ಅದಕ್ಕೆ ಫಂಡ್ ಇಲ್ಲ.

ಮೊನ್ನೆ ಬಿತ್ತುವವನ ಸಾಮ್ಯ, ಅಂದರೆ ಬೀಜ ಬಿತ್ತುವವನ ಬಗ್ಗೆ ಯೇಸು ಹೇಳಿದ ದೃಷ್ಟಾಂತ ಕಥೆ. ಕೂತವರಲ್ಲಿ ಅರ್ಧ ಜನ ಗದ್ದೆಗಿಳಿದು ನೇಜಿ ನೆಟ್ಟವರು, ಅಡಿಕೆಗೆ ಮದ್ದು ಬಿಟ್ಟವರು. ಮುಳ್ಳಿನಲ್ಲಿ ಬಿದ್ದ ಬೀಜದ ಗತಿ ಏನು ಅಂತ ಅವರಿಗೆ ಹೇಳಿಕೊಡಬೇಕಾ? ಆದರೂ ಪರದೆಯ ಮೇಲೆ ಯಾವುದೋ ದೇಶದ ಗೋಧಿ ಹೊಲ, ಡ್ರೋನ್ ಶಾಟ್, ಮನೆಯಷ್ಟು ದೊಡ್ಡ ಟ್ರ್ಯಾಕ್ಟರ್, ಎಲ್ಲದರ ಮೇಲೆ ಅಡ್ಡಡ್ಡ ವಿಡಿಯೊ ಮಾರುವ ಕಂಪನಿಯ ವಾಟರ್‌ಮಾರ್ಕ್. ದುಡ್ಡು ಕೊಡದೆ ಇಳಿಸಿಕೊಂಡದ್ದು ಅಂತ ಅರ್ಥ. ಮುಂದಿನ ವಾರದ ಪ್ರಸಂಗ ‘ಕದಿಯಬಾರದು’ ಅನ್ನುವ ಪ್ರಕಟಣೆಯೂ ಅದೇ ಪರದೆಯಲ್ಲಿ ಬಂತು.

ಬೈಬಲಿನ ವಚನ ಬಂದಾಗ ಇನ್ನೂ ಮಜಾ. ಟೈಪ್ ಮಾಡಿದ್ದು ‘ನುಡಿ’ ಸಾಫ್ಟ್‌ವೇರಿನ ಫಾಂಟ್‌ನಲ್ಲಿ, ಆಪರೇಟರ್ ಹುಡುಗನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ಮತ್ತಾಯ 13ನೇ ಅಧ್ಯಾಯ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ರಾಶಿಯಾಗಿ ನಿಂತಿತು. ಹುಡುಗ ಶಾಲೆಯಲ್ಲಿ ಮಲಯಾಳ ಓದಿದವನು, ಅವನ ಪ್ರಕಾರ ಕನ್ನಡ ಇರುವುದೇ ಹಾಗೆ. ಪಾಸ್ಟರು ಸಭೆಗೆ ಬೆನ್ನು ಹಾಕಿ, "ಮೋನೇ, ನೆಕ್ಸ್ಟ್, ನೆಕ್ಸ್ಟ್" ಅನ್ನುತ್ತಲೇ ಇದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಪ್ರಸಂಗವೂ ನಿಂತಿತು.

ಚಿತ್ರವೇ ಬೇಡ ಅಂತಲ್ಲ ಮಾರಾಯ್ರೆ. ಕ್ರಿ.ಶ. 600ರ ಸುಮಾರಿಗೆ ಈಗಿನ ಫ್ರಾನ್ಸಿನ ಮಾರ್ಸೆ ಊರಿನ ಬಿಷಪ್ ಚರ್ಚಿನ ಚಿತ್ರಗಳನ್ನು ಒಡೆಸಿದಾಗ, ಓದು ಬಾರದವರು ಗೋಡೆ ನೋಡಿಯೇ ಕಲಿಯುವುದು ಅಂತ ಪೋಪ್ ಗ್ರೆಗರಿ ಪತ್ರ ಬರೆದು ಗದರಿಸಿದ್ದರು. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೆನಿ ಬಿಡಿಸಿದ ಚಿತ್ರಗಳನ್ನು ಜನ ಇವತ್ತಿಗೂ ಕುತ್ತಿಗೆ ನೋಯುವಷ್ಟು ಹೊತ್ತು ನೋಡುತ್ತಾರೆ, ಯಾಕಂದರೆ ಅವು ಐದು ಸೆಕೆಂಡಿಗೊಮ್ಮೆ ಓಡಿಹೋಗುವುದಿಲ್ಲ. ಯೇಸು ಕೂಡ ತೆರಿಗೆಯ ಪ್ರಶ್ನೆ ಬಂದಾಗ ನಾಣ್ಯ ತರಿಸಿ, ಇದರಲ್ಲಿರುವ ಮುಖ ಯಾರದ್ದು ಅಂತ ಕೇಳಿದರು. ನಾಣ್ಯವೂ ಪ್ರಶ್ನೆ ಕೇಳಿದವರದ್ದೇ. ಖರ್ಚು ಸೊನ್ನೆ.

ನಮ್ಮ ಕಮಿಟಿಗೆ ಅಷ್ಟು ಸಾಲದು. ದೇವರು ಗುಡುಗಿನ ನಡುವೆ ಆಜ್ಞೆ ಕೊಟ್ಟ ಸೀನಾಯಿ ಬೆಟ್ಟದ ಪ್ರಸಂಗಕ್ಕೆ ಗುಡುಗಿನ ಎಫೆಕ್ಟ್ ಬೇಕಂತೆ, ಅದಕ್ಕೆ ಎರಡು ಸಬ್‌ವೂಫರ್ ತರಿಸಲು ಠರಾವು ಆಗಿದೆ. ಹೋದ ತುಲಾ ತಿಂಗಳ ಸಿಡಿಲಿಗೆ ಮೈಕ್ ಸೆಟ್ಟೇ ಸುಟ್ಟುಹೋದ ಊರು ಇದು.